ಕುರು ಕೊಯ್ದ ಮೇಲೆ ಮಾತ್ರೆ ಬೇಕೆ?



ಬೆನ್ನಿನಲ್ಲೋ ಕಂಕುಳಲ್ಲೋ ಒಂದು ಕುರು ಏಳುತ್ತದೆ. ಬಾತು ಕೆಂಪಾಗಿ, ರಾತ್ರಿಯಿಡೀ ಸಿಡಿದು ನಿದ್ದೆ ಕೆಡಿಸುತ್ತದೆ. ವೈದ್ಯರು ಕೊಯ್ದು ಕೀವು ತೆಗೆದ ಕೂಡಲೇ ನೋವು ಅರ್ಧ ಇಳಿದುಹೋಗುತ್ತದೆ. ಆಗ ರೋಗಿಯ ಕಡೆಯವರು ಕೇಳುವ ಮೊದಲ ಮಾತು: “ಡಾಕ್ಟ್ರೇ, ಗಾಯ ಮತ್ತೆ ಕೀವಾಗದ ಹಾಗೆ ಮಾತ್ರೆ ಬರೆದುಕೊಡಿ.” ಮಾತ್ರೆ ಎಂದರೆ ಇಲ್ಲಿ ಆ್ಯಂಟಿಬಯೋಟಿಕ್. ಈ ಬೇಡಿಕೆಯ ಹಿಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಕೊಯ್ದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಪ್ರತಿ ಕಾಲದವರೂ ತಮಗೆ ತಿಳಿದಂತೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳು ಬದಲಾದ ಬಗೆಯನ್ನು ಇವತ್ತು ನೋಡೋಣ.

ನಮ್ಮ ನೆಲದಿಂದಲೇ ಆರಂಭಿಸೋಣ. ಆಯುರ್ವೇದದ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಊತಕ್ಕೆ ಮೂರು ಹಂತಗಳನ್ನು ಹೇಳಿದೆ: ಆಮ, ಪಚ್ಯಮಾನ, ಪಕ್ವ. ಅಂದರೆ ಇನ್ನೂ ಕಾಯಿ, ಹಣ್ಣಾಗುತ್ತಿರುವುದು, ಪೂರ್ತಿ ಹಣ್ಣಾದದ್ದು. ಕಾಯಿಯನ್ನು ಕೊಯ್ಯುವ ವೈದ್ಯನನ್ನೂ ಹಣ್ಣಾದದ್ದನ್ನು ಕೊಯ್ಯದೆ ಬಿಡುವ ವೈದ್ಯನನ್ನೂ ಆ ಗ್ರಂಥ ಒಂದೇ ಸಮನಾಗಿ ನಿಂದಿಸುತ್ತದೆ. ಕೊಯ್ದ ನಂತರದ ಆರೈಕೆಯೂ ಅಲ್ಲಿ ವಿವರವಾಗಿದೆ. ಗಾಯವನ್ನು ಕಷಾಯದಿಂದ ತೊಳೆಯಬೇಕು. ಎಳ್ಳಿನ ಕಲ್ಕ, ಜೇನು, ತುಪ್ಪ ಸವರಿದ ಬತ್ತಿಯನ್ನು ಒಳಗಿಟ್ಟು ಕಟ್ಟಬೇಕು. ಗುಗ್ಗುಳ, ಬಜೆ, ಬಿಳಿ ಸಾಸಿವೆ, ಬೇವಿನ ಎಲೆಗಳ ಧೂಪ ಹಾಕಬೇಕು. ಸೂಕ್ಷ್ಮಾಣುಗಳ ಸುಳಿವೇ ಇಲ್ಲದ ಕಾಲದಲ್ಲೂ ಒಂದು ವಿಷಯ ಆ ವೈದ್ಯರಿಗೆ ಖಚಿತವಾಗಿತ್ತು. ಕೀವು ಹೊರಗೆ ಬರಬೇಕು, ಮತ್ತು ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು.

ಯುರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಗಾಯದಲ್ಲಿ ದಪ್ಪಗಿನ ಬಿಳಿ ಕೀವು ಕಂಡರೆ ಅದು ವಾಸಿಯಾಗುವ ಲಕ್ಷಣ ಎಂಬ ನಂಬಿಕೆ ಅಲ್ಲಿ ಶತಮಾನಗಳ ಕಾಲ ನಡೆಯಿತು. 13ನೇ ಶತಮಾನದಲ್ಲಿ ಇಟಲಿಯ ಥಿಯೊಡೊರಿಕ್ ಬೊರ್ಗೊಗ್ನೊನಿ ಗಾಯ ಮಾಯಲು ಕೀವು ಬೇಕಾಗಿಲ್ಲ ಎಂದು ವಾದಿಸಿದರು. ಹೆಚ್ಚು ಜನ ಕಿವಿಗೊಡಲಿಲ್ಲ.

ತಿರುವು ಬಂದದ್ದು ಬ್ರಿಟಿಷ್ ಸರ್ಜನ್ ಜೋಸೆಫ್ ಲಿಸ್ಟರ್ ಅವರಿಂದ. 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯ ಕಾಪಾಡುವ ವಿಧಾನವನ್ನು ಅವರು ಪ್ರಕಟಿಸಿದರು. ಮೂಳೆ ಮುರಿತದ ಜೊತೆಗೆ ಕುರುವಿನ ಚಿಕಿತ್ಸೆಯೂ ಆ ಲೇಖನಮಾಲೆಯ ವಿಷಯವಾಗಿತ್ತು. ನಾಲ್ಕು ವರ್ಷದ ನಂತರ, 1871ರ ಸೆಪ್ಟೆಂಬರ್‌ನಲ್ಲಿ, ವಿಕ್ಟೋರಿಯಾ ರಾಣಿಯ ಕಂಕುಳಲ್ಲೇ ದೊಡ್ಡ ಕುರು ಎದ್ದಿತು. ಸ್ಕಾಟ್ಲೆಂಡಿನ ಬಾಲ್ಮೊರಲ್ ಅರಮನೆಗೆ ಲಿಸ್ಟರ್ ಅವರಿಗೆ ಕರೆ ಬಂತು. ಕಾರ್ಬಾಲಿಕ್ ತುಂತುರಿನ ನಡುವೆ ಅವರು ಕುರು ಕೊಯ್ದು ಬಟ್ಟೆಯ ಬತ್ತಿ ಇಟ್ಟರು. ಮರುದಿನ ನೋಡಿದರೆ ಬತ್ತಿ ದಾರಿ ಮುಚ್ಚಿಕೊಂಡು ಕೀವು ಒಳಗೇ ನಿಂತಿತ್ತು. ಲಿಸ್ಟರ್ ತುಂತುರು ಯಂತ್ರದ ರಬ್ಬರ್ ಕೊಳವೆಯಿಂದ ಒಂದು ತುಂಡು ಕತ್ತರಿಸಿ, ರಾತ್ರಿಯಿಡೀ ಕಾರ್ಬಾಲಿಕ್ ದ್ರಾವಣದಲ್ಲಿ ನೆನೆಹಾಕಿ ಗಾಯದೊಳಗೆ ಕೂರಿಸಿದರು. ಕೀವು ಸರಾಗವಾಗಿ ಇಳಿಯಿತು, ರಾಣಿ ಗುಣವಾದರು. ಎಷ್ಟೇ ಒಳ್ಳೆಯ ಔಷಧಿಯಿದ್ದರೂ ಕೀವಿಗೆ ದಾರಿ ಬಿಡದಿದ್ದರೆ ಕೆಲಸ ಆಗದು. ಈ ಪಾಠ ಇವತ್ತಿಗೂ ಹಾಗೆಯೇ ಇದೆ.

ಕೀವಿನೊಳಗೆ ಇರುವುದೇನು ಎಂಬುದನ್ನು ತೋರಿಸಿಕೊಟ್ಟವರು ಸ್ಕಾಟ್ಲೆಂಡಿನದೇ ಅಬರ್ಡೀನ್ ನಗರದ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್. ಮನೆಯ ಹಿಂದಿನ ಪುಟ್ಟ ಪ್ರಯೋಗಾಲಯದಲ್ಲಿ, ರೋಗಿಗಳ ಕುರುವಿನಿಂದ ತೆಗೆದ ಕೀವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದಾಗ ಗೊಂಚಲು ಗೊಂಚಲಾಗಿ ದುಂಡನೆಯ ಜೀವಿಗಳು ಕಂಡವು. 1880ರಲ್ಲಿ ಬರ್ಲಿನ್‌ನ ಸರ್ಜನ್‌ಗಳ ಸಮ್ಮೇಳನದಲ್ಲಿ ಅದನ್ನು ವರದಿ ಮಾಡಿದರು. 1882ರಲ್ಲಿ ಆ ಜೀವಿಗೆ ಸ್ಟೆಫೈಲೊಕಾಕಸ್ ಎಂದು ಹೆಸರಿಟ್ಟರು. ಇಂದಿಗೂ ಚರ್ಮದ ಬಹುಪಾಲು ಕುರುಗಳಿಗೆ ಕಾರಣ ಅದೇ ಕುಲದ ಸ್ಟೆಫೈಲೊಕಾಕಸ್ ಆರಿಯಸ್.

ಶತ್ರು ಯಾರೆಂದು ತಿಳಿಯಿತು, ಕೊಲ್ಲುವ ಔಷಧಿಗೆ ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಮುಖ, ತಲೆಯ ತುಂಬ ಕೀವಾಗಿ ಅವರು ಒಂದು ಕಣ್ಣನ್ನೇ ಕಳೆದುಕೊಂಡಿದ್ದರು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಊಟ ಸೇರಿತು. ಆದರೆ ಇದ್ದ ಔಷಧಿಯೇ ಚೂರು. ಅವರ ಮೂತ್ರದಿಂದ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಅವರಿಗೇ ಚುಚ್ಚಿದರು. ಅದೂ ಮುಗಿಯಿತು, ಸೋಂಕು ಮರುಕಳಿಸಿತು, ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಒಂದೊಂದು ಕಣಕ್ಕೂ ಅಷ್ಟು ಬೆಲೆಯಿದ್ದ ಔಷಧಿ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. ನಮ್ಮ ದೇಶದಲ್ಲಿ 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಹುಟ್ಟಿಕೊಂಡವು. ಔಷಧಿ ಕೈಗೆಟುಕಿತು, ಲಕ್ಷಾಂತರ ಜೀವ ಉಳಿಯಿತು.

ಸುಲಭವಾಗಿ ಸಿಕ್ಕಿದ್ದರಿಂದಲೇ ಅಭ್ಯಾಸವೂ ಬೆಳೆಯಿತು. ಕುರು ಕೊಯ್ದರೆ ಜೊತೆಗೆ ಒಂದು ಕೋರ್ಸ್ ಮಾತ್ರೆ, ಅದು ಬೇಕೋ ಬೇಡವೋ ಎಂದು ಅಳೆದು ನೋಡಿದವರು ಕಡಿಮೆ. 1945ರ ನೊಬೆಲ್ ಭಾಷಣದಲ್ಲೇ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಎಚ್ಚರಿಸಿದ್ದರು: ಸಾಲದಷ್ಟು ಔಷಧಿ ಕೊಟ್ಟರೆ ಸೂಕ್ಷ್ಮಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು. 1961ರ ಹೊತ್ತಿಗೆ ಹೊಸ ಔಷಧಿ ಮೆಥಿಸಿಲಿನ್‌ಗೂ ಬಗ್ಗದ ಸ್ಟೆಫೈಲೊಕಾಕಸ್ ಇಂಗ್ಲೆಂಡಿನಲ್ಲಿ ಪತ್ತೆಯಾಯಿತು. ಎಂ.ಆರ್.ಎಸ್.ಎ. ಎಂದು ಇಂದು ಆಸ್ಪತ್ರೆಗಳು ಹೆದರುವುದು ಅದಕ್ಕೇ.

ಇಲ್ಲಿ ಒಂದು ಅನುಮಾನ ಬರಬಹುದು. ಸೂಕ್ಷ್ಮಾಣು ಕೊಲ್ಲುವ ಮಾತ್ರೆ ಇರುವಾಗ ಕೊಯ್ಯುವುದಾದರೂ ಯಾಕೆ? ಕೀವು ತುಂಬಿದ ಗೂಡಿನೊಳಗೆ ರಕ್ತನಾಳಗಳಿಲ್ಲ. ನಲ್ಲಿಯೇ ಇಲ್ಲದ ಮನೆಗೆ ಊರಿನ ಟ್ಯಾಂಕ್ ತುಂಬಿದ್ದರೂ ನೀರು ಬಾರದು. ರಕ್ತದಲ್ಲಿ ಹರಿಯುವ ಔಷಧಿಯ ಪಾಡೂ ಅಲ್ಲಿ ಅಷ್ಟೇ. ಆದ್ದರಿಂದ ಸರ್ಜನ್ ಕೊಯ್ದು, ಒಳಗಿನ ಸಣ್ಣ ಸಣ್ಣ ಗೋಡೆಗಳನ್ನು ಬೆರಳಿನಿಂದಲೋ ಚಿಮುಟದಿಂದಲೋ ಬಿಡಿಸಿ, ಪೂರ್ತಿ ತೊಳೆಯಬೇಕು. ಚಿಕಿತ್ಸೆಯ ದೊಡ್ಡ ಪಾಲು ಅಲ್ಲಿಗೇ ಮುಗಿದಿರುತ್ತದೆ.

ಉಳಿದ ಪಾಲು ಎಷ್ಟು ಎಂದು ಅಳೆಯಲು ಒಂದೇ ದಾರಿ. ಕೊಯ್ದ ಮೇಲೆ ಅರ್ಧ ಜನಕ್ಕೆ ಔಷಧಿ, ಉಳಿದರ್ಧ ಜನಕ್ಕೆ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟು ನೋಡುವುದು. 1985ರಲ್ಲಿ ಅಮೆರಿಕದ ಲೆರಾ ಮತ್ತು ಲೆವಿ ಐವತ್ತು ರೋಗಿಗಳಲ್ಲಿ ಹೀಗೆ ನೋಡಿದರು. ಎರಡೂ ಗುಂಪಿನವರು ಒಂದೇ ರೀತಿ ಗುಣವಾದರು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 166 ರೋಗಿಗಳ ಅಧ್ಯಯನದಲ್ಲಿ ಹುಸಿಮಾತ್ರೆ ತಿಂದವರಲ್ಲಿ ಶೇಕಡಾ 90ರಷ್ಟು, ಸೆಫಲೆಕ್ಸಿನ್ ತಿಂದವರಲ್ಲಿ ಶೇಕಡಾ 84ರಷ್ಟು ಮಂದಿ ವಾಸಿಯಾದರು. ಆದರೆ ಆ ಕುರುಗಳಲ್ಲಿದ್ದದ್ದು ಬಹುಪಾಲು ಎಂ.ಆರ್.ಎಸ್.ಎ.; ಅದಕ್ಕೆ ಸೆಫಲೆಕ್ಸಿನ್ ತಾಗುವುದಿಲ್ಲ. ತಾಗುವ ಔಷಧಿ ಕೊಟ್ಟರೆ?

ಉತ್ತರ 2016ರಲ್ಲಿ ಸಿಕ್ಕಿತು. ಅಮೆರಿಕದ ಐದು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 1,200ಕ್ಕೂ ಹೆಚ್ಚು ರೋಗಿಗಳಿಗೆ ಏಳು ದಿನ ಕೋಟ್ರೈಮಾಕ್ಸಜೋಲ್ ಅಥವಾ ಹುಸಿಮಾತ್ರೆ ಕೊಟ್ಟರು. ಔಷಧಿ ಪಡೆದವರಲ್ಲಿ ಶೇಕಡಾ 80.5, ಪಡೆಯದವರಲ್ಲಿ ಶೇಕಡಾ 73.6 ಮಂದಿ ಗುಣವಾದರು. ಮತ್ತೆ ಕೊಯ್ಯಬೇಕಾದವರೂ, ಬೇರೆ ಜಾಗದಲ್ಲಿ ಹೊಸ ಕುರು ಎದ್ದವರೂ ಔಷಧಿ ಗುಂಪಿನಲ್ಲಿ ಕಡಿಮೆ. 2017ರ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ಅದರಲ್ಲಿ ಬಳಸಿದ ಕ್ಲಿಂಡಮೈಸಿನ್ ಔಷಧಿಯಿಂದ ಅಡ್ಡಪರಿಣಾಮ ಹೆಚ್ಚು ಎಂಬುದೂ ತಿಳಿಯಿತು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಬರಿಯ ಕೊಯ್ಯುವುದರಿಂದಲೇ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಸರಿಯಾದ ಔಷಧಿ ಸೇರಿದರೆ ಇನ್ನೂ ಏಳು ಜನಕ್ಕೆ ಲಾಭ. ಲಾಭ ನಿಜ, ಆದರೆ ಎಲ್ಲರಿಗೂ ಅಲ್ಲ.

ಗುದದ್ವಾರದ ಪಕ್ಕದ ಕುರುವಿನ ಮಾತು ಇನ್ನೂ ಸೂಕ್ಷ್ಮ. ಅದು ಮಾಯುವಾಗ ಒಳಗಿನಿಂದ ಚರ್ಮದವರೆಗೆ ಸುರಂಗದಂಥ ದಾರಿ ಉಳಿದು ಭಗಂದರ ಆಗಬಹುದು. ಆ್ಯಂಟಿಬಯೋಟಿಕ್‌ನಿಂದ ಇದನ್ನು ತಡೆಯಬಹುದೇ? 2011ರ ಟರ್ಕಿಯ ಅಧ್ಯಯನ ಇಲ್ಲ ಎಂದಿತು, 2017ರ ಇರಾನಿನ ಅಧ್ಯಯನ ಹೌದು ಎಂದಿತು. ಎರಡರಲ್ಲೂ ಬಳಸಿದ ಔಷಧಿ ಬೇರೆ ಬೇರೆ. ವಾದ ಇನ್ನೂ ಮುಗಿದಿಲ್ಲ.

ಯಾರಿಗೆ ಮಾತ್ರೆ ಖಂಡಿತ ಬೇಕು ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ. ಜ್ವರ ಇರುವವರು, ಕುರುವಿನ ಸುತ್ತ ಕೆಂಪು ಹರಡುತ್ತಿರುವವರು, ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರು, ಎಳೆ ಮಕ್ಕಳು, ವಯಸ್ಸಾದವರು, ಮುಖ ಅಥವಾ ಕೈಯಲ್ಲಿ ಕುರು ಎದ್ದವರು. ಇವರು ಮಾತ್ರೆ ಬೇಡ ಎನ್ನಬಾರದು, ವೈದ್ಯರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಬೇಕು. ಅದೇ ರೀತಿ, ನೆರೆಮನೆಯವರಿಗೆ ಬರೆದುಕೊಟ್ಟ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಬಾರದು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು.

ಆದ್ದರಿಂದ ಕುರು ಕೊಯ್ಸಿಕೊಂಡಾಗ ವೈದ್ಯರನ್ನು ಮೂರು ಮಾತು ಕೇಳಿ. ಕೀವು ಪೂರ್ತಿ ಹೊರಗೆ ಬಂತೆ? ಡ್ರೆಸ್ಸಿಂಗ್‌ಗೆ ಮತ್ತೆ ಯಾವಾಗ ಬರಬೇಕು? ನನಗೆ ಆ್ಯಂಟಿಬಯೋಟಿಕ್ ಬೇಕೆ, ಬೇಕಾದರೆ ಯಾವ ಕಾರಣಕ್ಕೆ, ಎಷ್ಟು ದಿನ? ಈ ಕ್ರಮದಲ್ಲೇ ಕೇಳಿ. ಮೊದಲೆರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಮೂರನೆಯದರ ಮಾತ್ರೆ ನಿಮ್ಮನ್ನು ಕಾಯಲಾರದು.