ಕಶಫ್ ಬೇಡ ಅಂದದ್ದು



2014ರಲ್ಲಿ ಜಿಂದಗಿ ವಾಹಿನಿ ಪಾಕಿಸ್ತಾನದ ಧಾರಾವಾಹಿಗಳನ್ನು ನಮ್ಮ ಟಿವಿಗೆ ತಂದಿತು. ಬೀದರ್, ಭಾಲ್ಕಿ, ಔರಾದಿನಲ್ಲಿ ಕನ್ನಡ, ಮರಾಠಿಯ ಜೊತೆಗೇ ಉರ್ದುವೂ ದಿನಾ ಕಿವಿಗೆ ಬೀಳುವುದರಿಂದ ಆ ಧಾರಾವಾಹಿಗಳ ಮಾತು ನಮಗೆ ಹೊರಗಿನದು ಅನ್ನಿಸಲಿಲ್ಲ.

ಅವುಗಳಲ್ಲಿ ಒಂದಾದ ‘ಹಮ್‌ಸಫರ್’ನ ನಾಯಕ ಅಶರ್‌ಗಾಗಿ ಮರುಗಿದವರು ಬಹಳ. ನನಗೆ ಮಾತ್ರ ಸಿಟ್ಟೇ ಬಂತು. ತಾಯಿ ಹೂಡಿದ ಸಂಚು ನಂಬಿ, ಹೆಂಡತಿಯ ಮಾತಿಗೆ ಕಿವಿಗೊಡದೆ ಕೈಬಿಟ್ಟವನದು ಎಂಥ ಪ್ರೀತಿ?

ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಧಾರಾವಾಹಿ, ‘ಜಿಂದಗಿ ಗುಲ್ಜಾರ್ ಹೈ’. ಗಂಡು ಹುಟ್ಟಲಿಲ್ಲವೆಂದು ರಾಫಿಯಾಳ ಗಂಡ ಇನ್ನೊಂದು ಮದುವೆಯಾಗುತ್ತಾನೆ. ಅವಳು ಪಾಠ ಹೇಳಿ ದುಡಿಯುತ್ತ ಮೂವರು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ. ಮಗಳು ಕಶಫ್ ಸರ್ಕಾರಿ ಅಧಿಕಾರಿಯಾಗುತ್ತಾಳೆ. ಸಿರಿವಂತರ ಮನೆಯ ಜಾರೂನ್ ಮದುವೆಯ ಮಾತೆತ್ತಿದಾಗ ಅವಳು ಹಿಗ್ಗುವುದಿಲ್ಲ, ಮುಖ ಬಿಗಿಹಿಡಿದು ಬೇಡ ಅನ್ನುತ್ತಾಳೆ. ಕೆಲವರು ಅದನ್ನು ಸೊಕ್ಕು ಅಂದರು. ಅಲ್ಲ. ತನ್ನ ಅಪ್ಪನನ್ನು ಕಂಡು ಬೆಳೆದವಳಿಗೆ ಗಂಡಸಿನ ಮಾತು ನಂಬುವುದು ಅಷ್ಟು ಸುಲಭವೇ? ಆ ನಂಬಿಕೆ ನಿಧಾನವಾಗಿ, ಜಗಳವಾಡುತ್ತ, ಮುನಿಯುತ್ತ ಬೆಳೆಯುವುದನ್ನು ತೋರಿಸಿದ್ದಕ್ಕೇ ಆ ಕಥೆ ನನಗೆ ದೊಡ್ಡದು.

ನಿಮ್ಮ ಮನೆಯ ಮಗಳೂ ಮದುವೆ ಈಗಲೇ ಬೇಡ ಅಂದರೆ, ದಯವಿಟ್ಟು ಗದರಿಸಬೇಡಿ. ಹತ್ತಿರ ಕೂರಿಸಿಕೊಂಡು ಕಾರಣ ಕೇಳಿ.