ಮೂತ್ರಮಾರ್ಗ ಬದಲಾದ ಮೇಲಿನ ಬಾಳುವೆ

ತರಗತಿಯಲ್ಲಿ ಹುಡುಗನೊಬ್ಬ ಕಿರುಬೆರಳೆತ್ತಿ “ಒಂದಕ್ಕ ಹೋಗಿ ಬರ್ತೀನ್ರೀ ಸರ್” ಎಂದರೆ ನಾವು ಮಾಸ್ತರರು ತಲೆಯಾಡಿಸುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ದೊಡ್ಡವರಾದ ಮೇಲೂ ನಮಗೆ ಅದಕ್ಕಿಂತ ಹೆಚ್ಚಿನ ಮಾತು ಬರುವುದಿಲ್ಲ. ಚಿಮ್ಮಡದಲ್ಲಿರುವ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವರು, ಮೂತ್ರದಲ್ಲಿ ರಕ್ತ ಕಂಡರೂ ನೋವಿಲ್ಲವೆಂದು, ಉಷ್ಣವಾಗಿದೆಯೆಂದು ತಿಂಗಳುಗಟ್ಟಲೆ ಬಾಯಿಬಿಡಲಿಲ್ಲ. ಅದು ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ನೋವಿಲ್ಲದೆ ರಕ್ತ ಹೋಗುವುದೇ ಈ ರೋಗದ ಮೊದಲ ಗುರುತಾಗಿರಬಹುದೆಂಬುದನ್ನು ನೀವು ದಯವಿಟ್ಟು ನೆನಪಿಡಬೇಕು.

ರೋಗವು ಕೋಶದ ಸ್ನಾಯುವಿಗೆ ಇಳಿದಿದ್ದರೆ ವೈದ್ಯರು ಅನೇಕ ವೇಳೆ ಕೋಶವನ್ನೇ ತೆಗೆಯುತ್ತಾರೆ. ಮೂತ್ರಪಿಂಡಗಳಂತೂ ತಮ್ಮ ಕೆಲಸ ನಿಲ್ಲಿಸುವುದಿಲ್ಲ; ಅಲ್ಲಿಂದ ಇಳಿಯುವ ನೀರಿಗೆ ಹೊಸ ಕಾಲುವೆ ಬೇಕು. 1950ರಲ್ಲಿ ಅಮೆರಿಕದ ಶಸ್ತ್ರವೈದ್ಯ ಬ್ರಿಕರ್ ಅವರು ವಿವರಿಸಿದ ಕ್ರಮ ಇಂದಿಗೂ ಬಹಳ ಬಳಕೆಯಲ್ಲಿದೆ. ಸಣ್ಣಕರುಳಿನ ಗೇಣಿಗಿಂತ ಕಡಿಮೆಯ ತುಂಡನ್ನು ಬೇರ್ಪಡಿಸಿ, ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರತರುತ್ತಾರೆ; ಅದರ ಮೇಲೆ ಚೀಲ ಅಂಟಿಸಿಕೊಳ್ಳಬೇಕು. ಕರುಳಿನಿಂದಲೇ ಒಳಗೆ ಹೊಸ ಕೋಶ ಕಟ್ಟುವುದೂ ಉಂಟು. ಚೀಲವಿಲ್ಲ, ನಿಜ. ಆದರೆ ಗಡಿಯಾರ ನೋಡಿ ಎದ್ದುಹೋಗಬೇಕು, ರಾತ್ರಿ ಹಾಸಿಗೆ ನೆನೆಯಬಹುದು, ಕೆಲವರು ತಾವೇ ನಳಿಕೆ ಹಾಕಿಕೊಂಡು ಖಾಲಿಮಾಡಬೇಕಾದೀತು. ಎಲ್ಲರಿಗೂ ಎರಡರಲ್ಲಿ ಇಂಥದೇ ಮೇಲೆಂದು ಅಧ್ಯಯನಗಳಿಂದ ಸಿದ್ಧವಾಗಿಲ್ಲ.

ಅಣ್ಣನವರಿಗೆ ಚೀಲ ಬಂತು. ಶಸ್ತ್ರಕ್ರಿಯೆಗೆ ಮೊದಲೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಮೇಲೆ ಗುರುತು ಹಾಕುವ ಪದ್ಧತಿಯಿದೆ. ಧೋತರ ಉಡುವವರು ಅದನ್ನು ಎಲ್ಲಿ ಕಟ್ಟುತ್ತೇವೆ, ಸೀರೆ ಉಡುವವರು ನಿರಿಗೆ ಎಲ್ಲಿ ಸಿಕ್ಕಿಸುತ್ತೇವೆ ಎಂಬುದನ್ನು ಆಗಲೇ ತೋರಿಸಬೇಕು. ನಾವು ತೋರಿಸಲಿಲ್ಲ, ನಾಚಿಕೊಂಡೆವು. ಊರಿಗೆ ಬಂದು ಉಟ್ಟಾಗ ಧೋತರದ ಗಂಟು ಸರಿಯಾಗಿ ಚೀಲದ ಮೇಲೆಯೇ ಬಿತ್ತು!

ಇದಕ್ಕಿಂತ ಕೆಟ್ಟದ್ದು ಮುಂದಿತ್ತು. ಬನಹಟ್ಟಿಯಲ್ಲಿ ಮದುವೆ. ಪಂಕ್ತಿಯಲ್ಲಿ ಚೀಲ ತುಂಬಿದರೆ ಹೇಗೆಂಬ ಭಯ. “ನಿನ್ನೆ ರಾತ್ರಿಯಿಂದ ಇವರು ಒಂದು ಗುಟುಕು ನೀರು ಕುಡದಿಲ್ಲ ನೋಡ್ರಿ” ಎಂದು ವೈನಿ ನನ್ನ ಹತ್ತಿರ ಪಿಸುಗುಟ್ಟಿದರು. ಮೂರನೆಯ ದಿನ ಚಳಿಜ್ವರ. ಮೂತ್ರದಲ್ಲಿ ಸೋಂಕು. ನೀರು ಕಡಿಮೆಯಾದರೆ ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ, ಮೊದಲಿಗಿಂತ ಹೆಚ್ಚೇ ಕುಡಿಯಬೇಕು ಎಂದು ವೈದ್ಯರು ತಿಳಿಸಿದರು. ಚೀಲದಲ್ಲಿ ಕಾಣುವ ಬಿಳಿಯ ಎಳೆಗಳನ್ನು ಕೀವೆಂದು ಅಣ್ಣನವರು ಹೆದರಿದ್ದರು. ಅದು ಕರುಳು ಸಹಜವಾಗಿ ಬಿಡುವ ಲೋಳೆಯಂತೆ. ಇಷ್ಟನ್ನು ಕೇಳಲು ನಮಗೆ ಐದು ತಿಂಗಳು ಬೇಕಾಯಿತು!

ಉಳಿದದ್ದೆಲ್ಲ ರೂಢಿಯ ಮಾತು. ಅರ್ಧ ತುಂಬುವ ಮೊದಲೇ ಚೀಲ ಖಾಲಿಮಾಡಬೇಕು, ಇಲ್ಲವಾದರೆ ಭಾರಕ್ಕೆ ಅಂಟು ಬಿಡುತ್ತದೆ. ಚೀಲ ಬದಲಿಸಲು ಬೆಳಗಿನ ಚಹಕ್ಕೆ ಮೊದಲಿನ ಹೊತ್ತು ಒಳ್ಳೆಯದು, ಒಸರು ಕಡಿಮೆಯಿರುತ್ತದೆ. ಸುತ್ತಲಿನ ಚರ್ಮಕ್ಕೆ ಎಣ್ಣೆ ಸೋಕಿಸಬಾರದು. ರಾತ್ರಿ ಉದ್ದ ನಳಿಕೆಯಿಂದ ದೊಡ್ಡ ಚೀಲಕ್ಕೆ ಜೋಡಿಸಿದರೆ ನಿದ್ದೆ ಕೆಡುವುದಿಲ್ಲ. ಖರ್ಚು ಮಾತ್ರ ತಿಂಗಳು ತಿಂಗಳೂ ಉಂಟು. ಅದನ್ನು ಹಗುರವೆಂದು ಹೇಳಲಾರೆ.

ಅಣ್ಣನವರು ಈಗ ಧೋತರವನ್ನು ಸ್ವಲ್ಪ ಮೇಲಕ್ಕೆ ಕಟ್ಟುತ್ತಾರೆ. ಕಬ್ಬಿನ ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ಕೈಚೀಲದಲ್ಲಿ ಇನ್ನೊಂದು ಹೊಸ ಚೀಲವಿರುತ್ತದೆ. ಹೋದ ತಿಂಗಳು ಮೊಮ್ಮಗನ ಜವಳದಲ್ಲಿ ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತರು. ಹೋಳಿಗೆ ಬಡಿಸುವವನನ್ನು ತಡೆದು, “ಮೊದಲು ನೀರು ಹಾಕಪಾ” ಎಂದರು.