ಹೊರಡುವ ವಾರ

ರೋಟರಿಯ ಯುವ ವಿನಿಮಯದಂಥ ಯೋಜನೆಗಳಲ್ಲಿ ಹೊರದೇಶಕ್ಕೆ ಹೋಗುವ ಮಕ್ಕಳು ಹೋಟೆಲಿನಲ್ಲಿ ಇಳಿಯುವುದಿಲ್ಲ, ಯಾರದೋ ಮನೆಯ ಮಕ್ಕಳಾಗಿ ಇರುತ್ತಾರೆ. ಮಾಗಡಿ, ಕನಕಪುರದ ಕಡೆಯಿಂದ ಹೊರಟವರ ಪೆಟ್ಟಿಗೆಯಲ್ಲಿ ಆ ಮನೆಯವರಿಗೆಂದು ಚನ್ನಪಟ್ಟಣದ ಒಂದು ಬೊಂಬೆ ಇರಲಿ ಎಂಬುದು ನನ್ನ ಆಸೆ.

ಬೊಂಬೆಯನ್ನು ಹೋದ ದಿನವೇ ಕೊಟ್ಟಿರುತ್ತಾರೆ. ಆಗ ಅದು ಬರೀ ಉಡುಗೊರೆ. ಕೊನೆಯ ವಾರ ಅಡುಗೆಮನೆಯಲ್ಲಿ ಕೂತು ಅದರ ಕಥೆ ಹೇಳಬೇಕು. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗರಿ ಹಿಡಿದರೆ ಕನ್ನಡಿಯ ಹೊಳಪು. ಜಪಾನಿನ ತಂತ್ರವನ್ನು ಈ ಕಸುಬಿಗೆ ತಂದವರೆಂದು ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ನೆನೆಯುತ್ತದೆ. ಹೊರನಾಡಿನ ವಿದ್ಯೆ ಹೀಗೆ ನಮ್ಮ ಮನೆಗೂ ಬಂದಿದೆ.

ಆ ಕೊನೆಯ ದಿನಗಳಲ್ಲಿ ಅಂಗಡಿ ಸುತ್ತುವುದು ಸಾಕು, ಮಕ್ಕಳೇ. ಒಂದು ಸಂಜೆ ನೀವೇ ಒಲೆ ಮುಂದೆ ನಿಂತು ಮುದ್ದೆ ಕಟ್ಟಿ, ಸೊಪ್ಪಿನ ಸಾರು ಬಡಿಸಿ. ನಿಮ್ಮನ್ನು ಸಾಕಿದ ತಾಯಿ ಕೂತು ಉಣ್ಣಲಿ. ನಾಳೆ ಆ ಮನೆಯ ಮಕ್ಕಳು ನಮ್ಮಲ್ಲಿಗೆ ಬಂದರೆ, ರಾಮನಗರದ ಜಾನಪದ ಲೋಕಕ್ಕೆ ನೀವೇ ಕರೆದೊಯ್ಯಿರಿ. ಎಚ್.ಎಲ್. ನಾಗೇಗೌಡರು ಕೂಡಿಸಿಟ್ಟ ಹಳ್ಳಿಯ ಪಾತ್ರೆ, ವಾದ್ಯ, ಬೊಂಬೆಗಳ ಮುಂದೆ ಅವರಿಗೆ ಹೇಳಲು ನಿಮ್ಮಲ್ಲಿ ಬೇಕಾದಷ್ಟು ಮಾತಿರುತ್ತದೆ.